ಲಾಗಿನ್‌ಗೊಂದು ಒಡಪು

ಮನೆಯ ಬಾಗಿಲು ಬದಲಿಸಬೇಕಾದರೆ ನಮ್ಮ ಕಡೆ ಮುಹೂರ್ತ ಕೇಳುತ್ತಾರೆ, ಬಡಿಗೇರನಿಗೆ ಎಲೆ ಅಡಿಕೆ ಕೊಡುತ್ತಾರೆ, ಹೊಸ್ತಿಲಿಗೆ ಅರಿಶಿಣ ಹಚ್ಚುತ್ತಾರೆ. ಇಷ್ಟೆಲ್ಲ ಆಗುವಾಗ ಮನೆಯೊಳಗೆ ಇರುವವರಿಗೂ ಒಂದು ಮಾತು ತಿಳಿಸುತ್ತಾರೆ. ನಮ್ಮ ಕಂಪನಿಯವರು ಮಾತ್ರ ಬೆಳಗಾಗುವುದರೊಳಗೆ ಬಾಗಿಲು ಬದಲಿಸಿ ಸುಮ್ಮನೆ ಕೂತುಬಿಟ್ಟರು. ಅದೂ ಯಾವ ದಿನ ಅಂತೀರಿ? ನನ್ನ ಸಂಸಾರದ ಇತಿಹಾಸದಲ್ಲಿಯೇ ಅತ್ಯಂತ ಜಾಣತನದ ಕೆಲಸವೊಂದನ್ನು ಹೆಂಡತಿಗೆ ತಿಳಿಯದಂತೆ ಮಾಡಿ ಮುಗಿಸಬೇಕೆಂದು ನಾನು ಹೊರಟಿದ್ದ ದಿನ.

ಬಾಗಿಲು ಎಂದರೆ ಕಟ್ಟಿಗೆಯದಲ್ಲ. ನಾನು ಆಳಂದದ ಒಂದು ತೊಗರಿಬೇಳೆ ಕಂಪನಿಯ ಗೋದಾಮಿನಲ್ಲಿ ದಾಸ್ತಾನು ನೋಡಿಕೊಳ್ಳುವ ಗುಮಾಸ್ತ. (ಕಂಪನಿ ಕೊಟ್ಟ ಕಾರ್ಡಿನಲ್ಲಿ ‘ಸ್ಟಾಕ್ ಎಕ್ಸಿಕ್ಯೂಟಿವ್’ ಎಂದಿದೆ. ಕಂಪನಿ ಕೊಟ್ಟ ಖುರ್ಚಿ ಮಾತ್ರ ಗುಮಾಸ್ತನದೇ.) ಎಷ್ಟು ಚೀಲ ಬಂತು, ಎಷ್ಟು ಹೋಯಿತು, ಯಾರು ರಜೆ ಹಾಕಿದರು, ಎಲ್ಲವನ್ನೂ ಈಗ ‘ಕ್ಲೌಡ್’ನಲ್ಲಿ ಇಡುತ್ತೇವೆ. ಕ್ಲೌಡ್ ಎಂದರೆ ಮೋಡ. ಮಳೆ ನಂಬಿ ಬಿತ್ತುವ ನಮ್ಮ ನರೋಣಾದಲ್ಲಿ ಮೋಡವನ್ನು ಯಾರೂ ಅಷ್ಟು ಸುಲಭವಾಗಿ ನಂಬುವುದಿಲ್ಲ. ನಮ್ಮ ಅವ್ವ ಗುರಮ್ಮನಿಗೆ ಈ ವಿಷಯ ಹೇಳಿದಾಗ, “ಬಂದಂಗ ಮಾಡಿ ಹೋಗೋ ಮ್ವಾಡದಾಗ ಯಾಕ ಇಡ್ತೀರೋ ತಮ್ಮಾ? ನೆಲದಾಗ ತೋಡಿದ ಹಗೇದಾಗ ಇಡ್ರಿ, ಹುಳಾನೂ ಹತ್ತೂದಿಲ್ಲ” ಎಂದಿದ್ದಳು. ಈ ಸಲಹೆಯನ್ನು ಹೆಡ್ ಆಫೀಸಿಗೆ ತಲುಪಿಸುವ ಧೈರ್ಯ ನನಗಿರಲಿಲ್ಲ.

ಆ ಮೋಡದೊಳಗೆ ಹೋಗಲು ಇದ್ದ ಬಾಗಿಲೇ ಲಾಗಿನ್ ಪರದೆ. ಹಳೆಯದು ನೀಲಿ ಬಣ್ಣದ್ದು. ಮೇಲೊಂದು ಡಬ್ಬಿ ಹೆಸರಿಗೆ, ಕೆಳಗೊಂದು ಡಬ್ಬಿ ಪಾಸ್‌ವರ್ಡಿಗೆ, ಅದರ ಕೆಳಗೆ ಒಂದು ಹಸಿರು ಗುಂಡಿ. ಎರಡೂ ಡಬ್ಬಿಗಳನ್ನು ಕಂಪ್ಯೂಟರೇ ತುಂಬಿಟ್ಟುಕೊಂಡು ಕಾಯುತ್ತಿತ್ತು. ನಾನು ಬಂದು, ಅಂಗಿಯ ಧೂಳು ಕೊಡವಿ, ಗೋಡೆಯ ಮೇಲಿನ ಬಸವಣ್ಣನ ಫೋಟೋಕ್ಕೆ ಕೈ ಮುಗಿದು, ಹಸಿರು ಗುಂಡಿ ಒತ್ತಿದರೆ ಸಿಂಹಾಸನಾರೂಢನಾದಂತೆ. ನನ್ನ ಪಾಸ್‌ವರ್ಡ್ ಏನೆಂದು ನನಗೆ ಗೊತ್ತಿರಲಿಲ್ಲ, ಗೊತ್ತಿರಬೇಕಾದ ಪ್ರಸಂಗವೂ ಬಂದಿರಲಿಲ್ಲ.

ಈಗ ಆ ಜಾಣತನದ ಕೆಲಸಕ್ಕೆ ಬರುತ್ತೇನೆ. ನಮ್ಮ ಕಂಪನಿಗೆ ಆಳಂದ, ಅಫಜಲಪುರ, ಜೇವರ್ಗಿ ಎಂದು ಮೂರು ಶಾಖೆಗಳು. ಕೆಲವು ವರ್ಷಕ್ಕೊಮ್ಮೆ ನಮ್ಮನ್ನು ಅಲ್ಲಿಂದ ಇಲ್ಲಿಗೆ, ಇಲ್ಲಿಂದ ಅಲ್ಲಿಗೆ ಎತ್ತಿ ಹಾಕುವುದು ರೂಢಿ. ಈ ಸಲ ಹೆಡ್ ಆಫೀಸಿನವರು ಔದಾರ್ಯ ತೋರಿಸಿ, ಬೇಕಾದ ಶಾಖೆಯನ್ನು ನೀವೇ ಆರಿಸಿ ಸಾಫ್ಟ್‌ವೇರಿನಲ್ಲಿ ಹಾಕಿ, ಕೊನೆಯ ದಿನ ಸಂಜೆ ಐದರೊಳಗೆ ಆರಿಸದವರು ಜೇವರ್ಗಿಗೆ ಹೋಗತಕ್ಕದ್ದು ಎಂದು ಆಜ್ಞೆ ಹೊರಡಿಸಿದ್ದರು. ಜೇವರ್ಗಿ ಊರು ಒಳ್ಳೆಯದೇ. ಆದರೆ ಕಂಪನಿಯ ಹೊಸ ಗೋದಾಮು ಇರುವುದು ಊರ ಹೊರಗೆ ಕೊಳಕೂರದ ದಾರಿಯಲ್ಲಿ, ನಿಂತು ಬೆವರು ಒರೆಸಿಕೊಳ್ಳಲು ಒಂದು ಬೇವಿನ ಗಿಡವೂ ಇಲ್ಲದ ಬಯಲಿನಲ್ಲಿ.

ನನಗೆ ಬೇಕಿದ್ದದ್ದು ಆಳಂದ. ಬೆಳಗಿನ ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟು, ಗೋದಾಮಿನ ಎದುರಿಗೇ ಬಿಸಿ ಸುಸಲಾ ಮತ್ತು ಮಿರ್ಚಿಯ ಅಂಗಡಿ, ಲಾರಿ ತೂಗುವ ಮಲಂಗಸಾಬನ ಹರಟೆ. ಇದನ್ನೆಲ್ಲ ತ್ಯಜಿಸಿ ಹೋಗಲು ನಾನೇನು ಕಾವಿ ತೊಟ್ಟಿದ್ದೇನೆಯೇ?

ನನ್ನ ಧರ್ಮಪತ್ನಿ ಬಸವೇಶ್ವರಿಗೆ ಬೇಕಿದ್ದದ್ದು ಅಫಜಲಪುರ. ಅವಳ ತವರು ಗೊಬ್ಬೂರ ಅದೇ ತಾಲೂಕಿನದು. ಅವಳ ತಂಗಿ ವಿಜಯಶ್ರೀ ಅಫಜಲಪುರದ ಬಸ್‌ಸ್ಟ್ಯಾಂಡ್ ಹತ್ತಿರ ಹೊಲಿಗೆ ಅಂಗಡಿ ಹಾಕಿ, ಎರಡು ಮಷಿನ್ ಇಟ್ಟು, ಒಂದಕ್ಕೆ ಬಟ್ಟೆ ಮುಚ್ಚಿದ್ದಾಳೆ. ಬಂದವರು ಕೇಳಿದರೆ, “ಅದು ನಮ್ಮ ಅಕ್ಕಂದು, ಅಕಿ ಬರೂತನಕ ಯಾರೂ ಮುಟ್ಟಂಗಿಲ್ಲ” ಎನ್ನುತ್ತಾಳಂತೆ. ಬಸವೇಶ್ವರಿ ಹೊಲಿದ ಕುಬಸ ಎಂದರೆ ನರೋಣಾದ ಹೆಣ್ಣುಮಕ್ಕಳು ಸಾಲುಗಟ್ಟುತ್ತಾರೆ. ಆದರೂ ಅವಳ ಮನಸ್ಸು ಆ ಬಟ್ಟೆ ಮುಚ್ಚಿದ ಮಷಿನ್ ಮೇಲೆ. ಅಂಗಡಿಯ ಬೋರ್ಡಿನ ಮೇಲೆ ತನ್ನ ಹೆಸರೂ ಬರುತ್ತದೆಂದು ಒಂದೆರಡು ಸಲ ನನ್ನ ಮುಂದೆ ಹೇಳಿಕೊಂಡು ಆಮೇಲೆ ತಾನೇ ನಾಚಿ ಒಳಗೆ ಹೋಗಿದ್ದಳು.

ಅಫಜಲಪುರದಲ್ಲಿ ನನಗೇನು ಕಷ್ಟ ಎಂದು ನೀವು ಕೇಳಬಹುದು. ನನ್ನ ಕಷ್ಟದ ಹೆಸರು ದೊಡ್ಡಪ್ಪ. ಅವರು ನನ್ನ ಮಾವ. ಗೊಬ್ಬೂರಿಗೆ ಹೋದಾಗಲೆಲ್ಲ ಚಹಾ ಕುಡಿಯುವ ಮೊದಲೇ ನನ್ನನ್ನು ಹೊಲಕ್ಕೆ ಕರೆದೊಯ್ದು ಒಂದೊಂದು ಬದುವಿನ ಮೇಲೂ ನಿಲ್ಲಿಸಿ ಅದರ ಚರಿತ್ರೆ ಹೇಳುತ್ತಾರೆ. ವರ್ಷಕ್ಕೊಮ್ಮೆಯಾದರೆ ಸಹಿಸಬಹುದು. ಪ್ರತಿ ಭಾನುವಾರ ಬದುವಿನ ಮೇಲೆ ನಿಲ್ಲುವುದು ನನ್ನ ಮೊಣಕಾಲಿಗೆ ಆಗದ ಮಾತು.

ಹಾಗಾಗಿ ನಾನೊಂದು ಉಪಾಯ ಮಾಡಿದೆ. ಶಾಖೆ ಆರಿಸುವುದು ನಮ್ಮ ಕೈಯಲ್ಲಿಯೇ ಇದೆ ಎಂಬ ಒಂದು ಸಣ್ಣ ಸಂಗತಿಯನ್ನು ಮನೆಯಲ್ಲಿ ಹೇಳಲಿಲ್ಲ. ಅಷ್ಟೇ. (ಇದಕ್ಕೆ ಸುಳ್ಳು ಎನ್ನುವವರು ಎನ್ನಲಿ. ನಾನು ಇದನ್ನು ಗೃಹಶಾಂತಿ ಎನ್ನುತ್ತೇನೆ.) ಕೊನೆಯ ದಿನ ಸದ್ದಿಲ್ಲದೆ ‘ಆಳಂದ’ ಎಂದು ಒತ್ತಿ, ಮನೆಗೆ ಹೋಗಿ ಮುಖ ಸಣ್ಣ ಮಾಡಿಕೊಂಡು ಕೂತರಾಯಿತು ಎಂಬುದು ನನ್ನ ಯೋಜನೆ.

ಆ ದಿನ ಬೆಳಗ್ಗೆಯೂ ರೊಟ್ಟಿ ಕಟ್ಟುತ್ತ ಅವಳು ಕೇಳಿದಳು.

“ಏನ್ರಿ, ವರ್ಗಾದ್ದು ಏನರ ಗೊತ್ತಾತೇನು?”

“ನಮ್ಮ ಕೈಯಾಗ ಏನದ? ಎಲ್ಲಾ ಮೇಲಿನವರ ಕೈಯಾಗ ಅದ.”

“ಮೇಲಿನವ್ರಿಗಿ ಒಂದು ಮಾತು ಹೇಳಾಕ ಬರೂದಿಲ್ಲೇನು? ನಮ್ಮ ಮನ್ಯಾಗ ಹಿಂಗ ಹಿಂಗ ಅದ, ಅಫಜಲಪುರ ಆದ್ರ ಭಾಳ ಛೊಲೋ ಆಗ್ತದ ಅಂತ?”

“ಮೇಲಿನವರು ಅಂದ್ರ ಮ್ವಾಡದಾಗ ಇರೋರು. ಅಲ್ಲಿತನಕ ನಮ್ಮ ಮಾತು ಮುಟ್ಟತದೇನು? ಮತ್ತ ಅವ್ವಗೂ ಈ ವಯಸ್ಸಿನ್ಯಾಗ ಊರು ಬಿಡಾಕ ಆಗೂದಿಲ್ಲ.”

ಅವ್ವ ಒಳಗಿನಿಂದ ಏನೋ ಹೇಳಲು ಬಾಯಿ ತೆರೆದಳು. ಬಸ್ಸಿಗೆ ಹೊತ್ತಾಯಿತೆಂದು ನಾನು ಹೊರಬಿದ್ದೆ.

ಇಲ್ಲಿ ನಮ್ಮ ಮನೆಯ ಒಂದು ರಿವಾಜು ಹೇಳಬೇಕು. ಬಸವೇಶ್ವರಿ ನನ್ನ ಹೆಸರು ಹೇಳುವುದಿಲ್ಲ. ಅವಳು ಬಿ.ಎ. ಓದಿದವಳು, ಮಹಿಳಾ ಸಂಘದ ಸಭೆಯಲ್ಲಿ ಮೈಕು ಹಿಡಿದರೆ ಬಿಡದವಳು, ಎಂತೆಂಥ ಕಂಡಕ್ಟರುಗಳ ಬಾಯಿ ಮುಚ್ಚಿಸಿದವಳು. ಆದರೆ ಗಂಡನ ಹೆಸರು ಮಾತ್ರ ಅವಳ ನಾಲಿಗೆಯ ಮೇಲೆ ಬರುವುದಿಲ್ಲ. ನನ್ನ ಹೆಸರು ವಿಶ್ವಾರಾಧ್ಯ. ಇಡೀ ಹೆಸರಷ್ಟೇ ಅಲ್ಲ, ಅದರ ತುಣುಕನ್ನೂ ಅವಳು ಮುಟ್ಟುವುದಿಲ್ಲ. ಕ್ರಿಕೆಟ್ಟಿನ ವಿಶ್ವಕಪ್ ಅವಳಿಗೆ ‘ದುನಿಯಾದ ಕಪ್’. ವಿಶ್ವಾಸ ಎನ್ನುವ ಕಡೆ ‘ಭರೋಸಾ’ ಎನ್ನುತ್ತಾಳೆ. ಎದುರಿಗಿದ್ದರೆ ನಾನು ‘ಏನ್ರಿ’, ನಾಲ್ಕು ಜನರ ಮುಂದೆ ‘ಇವರು’, ಸಿಟ್ಟು ಬಂದಾಗ ಅವ್ವನ ಕಡೆ ತಿರುಗಿ ‘ನಿಮ್ಮ ಮಗ’. (ಊರಿನವರು ಇದನ್ನು ಗೌರವ ಎಂದು ತಿಳಿದಿದ್ದಾರೆ. ಗೌರವವೆಲ್ಲ ಹೆಸರಿಗೇ ಸಲ್ಲುತ್ತದೆ, ಹೆಸರು ಹೊತ್ತವನಿಗಲ್ಲ ಎಂಬುದು ನನ್ನ ಅನುಭವ.) ಮದುವೆಯ ದಿನ ಹೆಂಗಸರೆಲ್ಲ ಬಾಗಿಲು ಅಡ್ಡಗಟ್ಟಿ ಒತ್ತಾಯಿಸಿದಾಗ ಒಮ್ಮೆ ಒಡಪು ಹಾಕಿ ಹೆಸರು ಹೇಳಿದ್ದಳು. ಹೆಸರನ್ನು ಬರಿದೇ ಹೇಳದೆ ಪ್ರಾಸದ ಪದ ಕಟ್ಟಿ ಅದರ ಬಾಲಕ್ಕೆ ಗಂಡನ ಹೆಸರು ಸೇರಿಸುವ ನಮ್ಮ ಕಡೆಯ ಆ ಒಡಪನ್ನು ಅಂದು ಬಾಜಿ ಬಜಂತ್ರಿಯ ಗದ್ದಲದಲ್ಲಿ ನಾನು ಕೇಳಿಸಿಕೊಳ್ಳಲೇ ಇಲ್ಲ.

ಇರಲಿ. ಆಫೀಸಿಗೆ ಬಂದೆ, ಧೂಳು ಕೊಡವಿದೆ, ಬಸವಣ್ಣನಿಗೆ ಕೈ ಮುಗಿದೆ, ಪರದೆಯ ಕಡೆ ತಿರುಗಿದೆ. ನೀಲಿ ಇಲ್ಲ. ಹಸಿರು ಗುಂಡಿ ಇಲ್ಲ. ಬೆಳ್ಳಗೆ ಬಿಳಿಚಿಕೊಂಡ ಪರದೆಯ ಮೇಲೆ ಒಬ್ಬ ಹೆಣ್ಣುಮಗಳು ನಗುತ್ತಿದ್ದಳು. ಅವಳ ಕೆಳಗೆ, ‘ನಮಸ್ಕಾರ! ಬನ್ನಿ, ನಿಮ್ಮನ್ನು ಗುರುತಿಸೋಣ’ ಎಂದು ಬರೆದಿತ್ತು. ಇಷ್ಟು ವರ್ಷ ದುಡಿದವನನ್ನು ಈಗ ಗುರುತಿಸುತ್ತಾರಂತೆ! ಇದ್ದದ್ದು ಒಂದೇ ಡಬ್ಬಿ. ಅದರಲ್ಲಿ ಹೆಸರು ತುಂಬಿದೆ. ಪಾಸ್‌ವರ್ಡಿನ ಡಬ್ಬಿ ಎಲ್ಲಿಯೂ ಇಲ್ಲ.

“ಮಲಂಗಸಾಬ, ಜರಾ ಬಾರಪ್ಪ ಇಲ್ಲಿ. ಕೆಳಗಿನ ಡಬ್ಬಿ ಕಾಣವಲ್ದು.”

ಮಲಂಗಸಾಬ ಬಂದು ಕಣ್ಣು ಕಿರಿದು ಮಾಡಿ ನೋಡಿದ. “ನೆಟ್ ಸ್ಲೋ ಇರಬೇಕು ಅಣ್ಣಾರ. ಮ್ಯಾಲಿನ ಡಬ್ಬಿ ಬಂದದ, ಕೆಳಗಿಂದು ಇನ್ನಾ ದಾರ್ಯಾಗ ಅದ. ಫಿಕರ್ ಮಾಡಬ್ಯಾಡ್ರಿ, ಬರ್ತದ.”

ಅವನ ಮಾತು ನನಗೆ ಸರಿಯೆನಿಸಿತು. ಇಬ್ಬರೂ ಖುರ್ಚಿ ಎಳೆದುಕೊಂಡು ಡಬ್ಬಿಯ ಆಗಮನಕ್ಕೆ ಕಾದೆವು. ಚಹಾ ಬಂತು. ಒಂದು ಲಾರಿ ಬಂದು ತೂಕ ಮಾಡಿಸಿಕೊಂಡು ಹೋಯಿತು. ಮಲಂಗಸಾಬನ ಅಳಿಯನ ಹೊಸ ಟಂಟಂ ಗಾಡಿಯ ಸುದ್ದಿ ಆದಿಯಿಂದ ಅಂತ್ಯದವರೆಗೆ ಆಯಿತು. ಡಬ್ಬಿ ಮಾತ್ರ ಬರಲಿಲ್ಲ. ಕೊನೆಗೆ ಚಹಾದ ಕಪ್ಪು ಇಡುವಾಗ ಮೌಸಿಗೆ ನನ್ನ ಮೊಣಕೈ ತಾಗಿ, ಪರದೆಯ ಮೂಲೆಯಲ್ಲಿ ನಾವು ಗೀರು ಎಂದು ತಿಳಿದಿದ್ದ ಮಸುಕು ಅಕ್ಷರಗಳನ್ನು ಅದು ಒತ್ತಿಬಿಟ್ಟಿತು. ಅದು ‘ಮುಂದೆ’ ಎಂಬ ಗುಂಡಿಯಂತೆ! ಪರದೆ ಹೊರಳಿ ಪಾಸ್‌ವರ್ಡಿನ ಡಬ್ಬಿ ಪ್ರತ್ಯಕ್ಷವಾಯಿತು, ಖಾಲಿಯಾಗಿ.

“ಏನ ಹಾಕ್ಲೋ?”

“ಅವ್ವನ ಹೆಸರು ಹಾಕಿ ನೋಡ್ರಿ.”

ಹಾಕಿದೆ. ತಪ್ಪು ಎಂದಿತು. ಊರ ಹೆಸರು, ದೇವರ ಹೆಸರು, ತೊಗರಿಯ ಹೆಸರು, ಎಲ್ಲವೂ ತಪ್ಪು. “ಅಕ್ಕೋರ ಹೆಸರು ಹಾಕಿ ನೋಡ್ರಿ” ಎಂದ ಮಲಂಗಸಾಬ. ಅದನ್ನು ಹಾಕಿದ ಮೇಲೆ ಪರದೆಗೂ ಸಿಟ್ಟು ಬಂದಿರಬೇಕು. ‘ನಿಮ್ಮ ಸುರಕ್ಷತೆಗಾಗಿ ನಿಮ್ಮ ಖಾತೆಯನ್ನು ಮುಚ್ಚಲಾಗಿದೆ. ಸಹಾಯಕ್ಕೆ ಹೆಡ್ ಆಫೀಸಿಗೆ ಕರೆ ಮಾಡಿ’ ಎಂದಿತು. ನನ್ನಿಂದ ನನಗೇ ಸುರಕ್ಷತೆ! ನಗುವ ಹೆಣ್ಣುಮಗಳು ಮಾತ್ರ ನಗುತ್ತಲೇ ಇದ್ದಳು.

ಹೆಡ್ ಆಫೀಸು ಕಲಬುರಗಿಯಲ್ಲಿದೆ. ಮೂರು ಶಾಖೆಯವರಿಗೂ ಅದೇ ಗತಿ ಬಂದಿದ್ದರಿಂದ ಅಲ್ಲಿಯ ಸಹಾಯದ ನಂಬರು ಹೊತ್ತು ಇಳಿಯುವವರೆಗೂ ಬಿಜಿ. ಕೊನೆಗೂ ಸಿಕ್ಕಾಗ ಆ ಕಡೆ ಮಸರತ ಎಂಬ ಹುಡುಗಿ ಬಲು ಮೃದುವಾಗಿ ಮಾತಾಡಿದಳು.

“ನಿಮ್ಮ ಖಾತೆ ತೆಗೆದು ಕೊಡ್ತೇನ್ರಿ ಸರ. ಆದ್ರ ಹೊಸಾ ಪಾಸ್‌ವರ್ಡ್ ನಿಮ್ಮ ಕೈಗಿ ಬರೂದು ನಾಳಿ. ಇವತ್ತಿನ ಶಾಖೆ ನಾನೇ ಇಲ್ಲಿಂದ ಹಾಕ್ತೇನಿ.”

“ಹಂಗಾದ್ರ ಬರ್ಕೋ ತಂಗಿ, ಆಳಂದ.”

“ತಡೀರಿ ಸರ. ನಿಮ್ಮ ಮಾತಿನ ಮ್ಯಾಲ ಹಾಕಾಕ ಬರೂದಿಲ್ಲ. ನೀವು ನೀವೇ ಅಂತ ಇನ್ನಾ ಸಾಬೀತಾಗಿಲ್ಲಲ್ರಿ.”

“ನಾನಲ್ಲದ ಮತ್ಯಾರ ಇಲ್ಲಿ ಕುಂತು ಹೈರಾಣ ಆಗ್ತಾರವ್ವ?”

“ನನಗ ಮಾಲೂಮದ ಸರ, ಮಷಿನ್‌ಗ ಮಾಲೂಮಿಲ್ಲ. ನೀವು ಸಾಫ್ಟ್‌ವೇರ್ ಬಂದಾಗ ‘ನಂಬಿಕೆಯ ವ್ಯಕ್ತಿ’ ಅಂತ ಒಬ್ಬರ ನಂಬರ್ ಕೊಟ್ಟೀರಿ. ಅವರಿಗಿ ನಾ ಫೋನ್ ಹಚ್ಚತೇನಿ. ಅವರು ತಮ್ಮ ದನೀಲೆ ನಿಮ್ಮ ಹೆಸರು ಹೇಳಬೇಕು, ರೆಕಾರ್ಡ್ ಆಗ್ತದ. ಬಸವೇಶ್ವರಿ ಅಂತ ಅದ.”

ಫೋನನ್ನು ಈ ಕಿವಿಯಿಂದ ಆ ಕಿವಿಗೆ ಬದಲಿಸಿದೆ. ಸಾಫ್ಟ್‌ವೇರು ಬಂದ ದಿನ ನಂಬಿಕೆಯ ವ್ಯಕ್ತಿ ಯಾರು ಎಂದು ಕೇಳಿದಾಗ ನಾನು ಹೆಂಡತಿಯ ನಂಬರು ಕೊಟ್ಟಿದ್ದು ನಿಜ. ನಂಬಿಕೆಗಿಂತ ಹೆಚ್ಚಾಗಿ, ನನಗೆ ಬಾಯಿಪಾಠವಿದ್ದದ್ದು ಅದೊಂದೇ ನಂಬರು ಎಂಬ ಕಾರಣಕ್ಕೆ. ಬೇರೆಯವರ ನಂಬರು ಕೊಡುತ್ತೇನೆಂದೆ. ಖಾತೆ ಮುಚ್ಚಿದ ಮೇಲೆ ಬದಲಿಸಲು ಬರುವುದಿಲ್ಲವಂತೆ. ಗಡಿಯಾರ ನಾಲ್ಕೂವರೆ ದಾಟಿತ್ತು. ಒಂದು ಕಡೆ ಕೊಳಕೂರದ ದಾರಿಯ ಬಯಲು, ಇನ್ನೊಂದು ಕಡೆ ಬಸವೇಶ್ವರಿ. ಹೆಸರು ಒಂದು ಹೇಳಿ ಫೋನಿಟ್ಟರೆ ಬದುಕಿದೆ, ಶಾಖೆಯ ಸುದ್ದಿ ಏಳದಿದ್ದರೆ ಸಾಕು ಎಂದುಕೊಂಡು ಒಪ್ಪಿದೆ.

“ನೀವೂ ಲೈನಿನ್ಯಾಗ ಇರ್ರಿ ಸರ. ನಿಮಗ ಕೇಳಸ್ತದ, ಆದ್ರ ನಿಮ್ಮ ದನಿ ಅವರಿಗೂ ನನಗೂ ಕೇಳಸೂದಿಲ್ಲ. ನೀವು ಹೇಳಿಕೊಡಬಾರ್ದು ಅಂತ ರೂಲ್ ಅದ.”

ಎಲ್ಲ ಕೇಳಿಸಿಕೊಳ್ಳಬೇಕು, ಏನೂ ಹೇಳಬಾರದು. ಈ ನಿಯಮ ನಮ್ಮ ಮನೆಯಲ್ಲಿ ಮೊದಲಿಂದಲೂ ಜಾರಿಯಲ್ಲಿದ್ದುದರಿಂದ ನನಗೆ ಹೊಸದೆನಿಸಲಿಲ್ಲ. ಸ್ಪೀಕರ್ ಹಾಕಿದೆ. ಮಲಂಗಸಾಬ ತಕ್ಕಡಿ ಬಿಟ್ಟು ಬಂದು ಪಕ್ಕದಲ್ಲಿ ಕೂತ.

“ಹಲೋ, ಬಸವೇಶ್ವರಿ ಅಕ್ಕೋರೇನ್ರಿ? ನಾ ಕಲಬುರಗಿ ಹೆಡ್ ಆಫೀಸಿಂದ ಮಾತಾಡಾಕತ್ತೇನಿ. ನಿಮ್ಮ ಯಜಮಾನ್ರ ಖಾತೆ ಬಂದ್ ಆಗೇದ್ರಿ...”

ಅಷ್ಟು ಸಾಕಾಯಿತು.

“ಖಾತೆ ಬಂದ್ ಆಗೇದ? ಇನ್ನ ಫೋನಿಗಿ ಒಂದು ನಂಬರ್ ಬರ್ತದ, ಅದನ್ನ ಹೇಳ್ರಿ ಅಂತೀ, ಹೌದಿಲ್ಲ? ನಾಚಿಕಿ ಬರೂದಿಲ್ಲೇನ ಬೇ? ದನಿ ಕೇಳಿದ್ರ ಛೊಲೋ ಮನಿ ಹುಡುಗಿ ಇದ್ದಂಗ ಇದ್ದಿ. ಮಂದೀನ ಠಕ್ಕಿಸೂದು ಬಿಟ್ಟು ದುಡದು ತಿನ್ನು. ಕುಬಸ ಹೊಲಿಯಾಕ ಬರ್ತದೇನು? ಬರದಿದ್ರ ನಮ್ಮ ಮನಿಗಿ ಬಾ, ನಾ ಕಲಸ್ತೇನಿ.”

ಫೋನು ಕಟ್ಟಾಯಿತು. ಮಸರತಳಿಗೆ ಬೈಸಿಕೊಂಡದ್ದಕ್ಕೆ ಅಳಬೇಕೋ, ನೌಕರಿ ಸಿಕ್ಕಿದ್ದಕ್ಕೆ ನಗಬೇಕೋ ತಿಳಿಯಲಿಲ್ಲ. “ಸರ, ಮನ್ಯಾಗಿನವರಿಗಷ್ಟೇ ಗೊತ್ತಿರೋ ಒಂದು ಮಾತು ಹೇಳ್ರಿ, ನಂಬಿಸ್ತೇನಿ” ಎಂದಳು. ನನಗೆ ತಕ್ಷಣಕ್ಕೆ ಹೊಳೆದದ್ದು ಡಬ್ಬಿಯ ಊಟ. “ಇವತ್ತ ಪುಂಡಿಪಲ್ಯ ಕಟ್ಯಾಳ, ಜರಾ ಉಪ್ಪು ಹೆಚ್ಚಾಗಿತ್ತು” ಎಂದೆ. ಹುಡುಗಿ ಪ್ರಾಮಾಣಿಕಳು. ಎರಡನೆಯ ಸಲ ಫೋನು ಹಚ್ಚಿ ಇದ್ದದ್ದನ್ನು ಇದ್ದ ಹಾ‌ಗೆಯೇ ಹೇಳಿದಳು.

ಆ ಕಡೆ ಏನೋ ಪಾತ್ರೆ ದಬಾರನೆ ಕೆಳಗಿಟ್ಟ ಸದ್ದು.

“ಉಪ್ಪು ಹೆಚ್ಚಾಗಿತ್ತಂತ? ನನ್ನ ಮುಂದ ಒಂದು ದಿನ ಹೇಳಲಿಲ್ಲ, ಸೀದಾ ಹೆಡ್ ಆಫೀಸಿಗಿ ಹೇಳ್ಯಾರ? ಆತು, ನೀವು ಆಫೀಸಿನವರೇ ಖರೆ. ಏನು ಬೇಕಾಗಿತ್ತು?”

“ಏನಿಲ್ಲ ಅಕ್ಕೋರ, ನಿಮ್ಮ ಯಜಮಾನ್ರ ಹೆಸರು ಒಮ್ಮಿ ನಿಮ್ಮ ಬಾಯಿಲೆ ಹೇಳಿಬಿಡ್ರಿ.”

“ನಿಮಗ ಗೊತ್ತಿಲ್ಲೇನು?”

“ಗೊತ್ತದ್ರಿ.”

“ಗೊತ್ತಿದ್ದ ಮ್ಯಾಲ ಮತ್ತ ನಾ ಯಾಕ ಹೇಳಬೇಕು?”

“ಮಷಿನ್‌ಗ ನಿಮ್ಮ ದನೀಲೆ ಬೇಕಂತ್ರಿ.”

“ಮಷಿನ್‌ಗ ಬೇಕಂತ ನಾ ಗಂಡನ ಹೆಸರು ತಗೋಬೇಕೇನು? ಹಂಗೆಲ್ಲಾ ಹೇಳೂದಿಲ್ಲ ತಂಗಿ ನಾ. ಬೇಕಾದ್ರ ಹಿಂಗ ಬರ್ಕೋ. ಕಾಶ್ಯಾಗ ಒಬ್ಬ ದೇವ್ರು ಇದ್ದಾನಲ್ಲ, ಅವನ ಹೆಸರಿನ ಮೊದಲಿನ ಅರ್ಧ ತಗೋ. ಅದರ ಹಿಂದ, ನಾವು ದಿನಾ ಪೂಜಿ ಮಾಡೋರಿಗಿ ಏನಂತೀವಿ, ಅದನ್ನ ಹಚ್ಚು.”

“ಮಷಿನ್‌ಗ ಕೂಡಸಾಕ ಬರೂದಿಲ್ಲ ಅಕ್ಕೋರ” ಎಂದಳು ಮಸರತ. ಆಮೇಲೆ ದನಿ ತಗ್ಗಿಸಿ, “ನಮ್ಮ ಅಮ್ಮೀನೂ ಅಬ್ಬಾನ ಹೆಸರು ತಗೊಳ್ಳೂದಿಲ್ರಿ. ರೇಷನ್ ಅಂಗಡ್ಯಾಗ ನನ್ನ ಕಡಿಂದ ಹೇಳಸ್ತಾರ” ಎಂದಳು. ಇಬ್ಬರೂ ನಕ್ಕರು. ಇಲ್ಲಿ ಗಡಿಯಾರ ಓಡುತ್ತಿತ್ತು, ಅಲ್ಲಿ ಅವರು ನಗುತ್ತಿದ್ದರು.

ಅಷ್ಟರಲ್ಲಿ ಹಿಂದಿನಿಂದ ಅವ್ವನ ದನಿ ಕೇಳಿಸಿತು. “ಯಾರ ಬೇ ಅದು?”

“ಆಫೀಸಿನವರು ಅತ್ತಿ. ನಿಮ್ಮ ಮಗನ ಹೆಸರು ನಾನೇ ಹೇಳಬೇಕಂತ.”

“ಹೇಳಬೇಕಾದ್ರ ಒಡಪು ಹಾಕಿ ಹೇಳು. ಒಡಪಿನ್ಯಾಗ ಹೇಳಿದ್ರ ಏನೂ ದೋಷಿಲ್ಲ.”

“ಮದಿವಿ ಇಲ್ಲ, ಬಸುರಿ ಕುಬಸದ ಕಾರ್ಯ ಇಲ್ಲ, ಸಂಜೀಮುಂದ ಎಂಥಾ ಒಡಪು ಅತ್ತಿ? ಅವ್ರಿಗೇನು ಅಷ್ಟು ಅವಸರ?”

ಈ ಮಾತಿಗೆ ಮಸರತ ನಡುವೆ ಬಾಯಿ ಹಾಕಿದಳು. ಪಾಪ, ಅವಳದೇನೂ ತಪ್ಪಿಲ್ಲ. “ಅವಸರ ಅದ ಅಕ್ಕೋರ. ಐದು ಹೊಡೀತಂದ್ರ ಬಂದ್. ಅವರು ಶಾಖೆ ಆರಿಸೂದು ಇವತ್ತೇ ಕಡೀಕ.”

“ಏನು ಆರಿಸೂದು?”

ನಾನು ಇಲ್ಲಿ ಖುರ್ಚಿ ಬಿಟ್ಟು ಎದ್ದೆ. “ಬ್ಯಾಡ! ಹೇಳಬ್ಯಾಡವ್ವ!” ಎಂದು ಫೋನಿಗೆ ಬಾಯಿಟ್ಟು ಕೂಗಿದೆ. ನನ್ನ ದನಿ ಕೇಳಿಸಿದ್ದು ಗೋದಾಮಿನ ಹಮಾಲರಿಗೆ ಮಾತ್ರ.

“ವರ್ಗಾದ ಊರು, ಅಕ್ಕೋರ. ಆಳಂದ, ಅಫಜಲಪುರ, ಜೇವರ್ಗಿ. ಯಾವುದು ಬೇಕೋ ಅವರೇ ಆರಿಸಬೇಕು. ಆರಿಸಲಿಲ್ಲ ಅಂದ್ರ ಜೇವರ್ಗಿಗಿ ಹಾಕ್ತಾರ. ಆರ್ಡರ್ ಬಂದು ತಿಂಗಳಾತು. ಯಾಕ್ರಿ, ಮನ್ಯಾಗ ಹೇಳಿಲ್ಲೇನು?”

“ಅಣ್ಣಾರ, ನನ್ನ ಫೋನಿಂದ ಅಕ್ಕೋರಿಗಿ ಹಚ್ಚರಿ” ಎಂದು ಮಲಂಗಸಾಬ ತನ್ನ ಫೋನು ಕೊಟ್ಟ. ಹಚ್ಚಿದೆ. ನೀವು ಕರೆ ಮಾಡಿದ ಚಂದಾದಾರರು ಬೇರೊಬ್ಬರೊಂದಿಗೆ ಮಾತಾಡುತ್ತಿದ್ದಾರೆ ಎಂದಿತು. ಅದು ನನಗೇನು ಗೊತ್ತಿರಲಿಲ್ಲವೇ?

ಆ ಕಡೆಯಿಂದ ಬೈಗುಳ ಬರುತ್ತದೆಂದು ಕಾದೆ. ಬರಲಿಲ್ಲ. ಬಸವೇಶ್ವರಿ ಸುಮ್ಮನಾದರೆ ನನಗೆ ಭಯ.  ಬೆಳಗ್ಗೆ ರೊಟ್ಟಿ ಕಟ್ಟುತ್ತ ‘ಮೇಲಿನವ್ರಿಗಿ ಒಂದು ಮಾತು ಹೇಳಾಕ ಬರೂದಿಲ್ಲೇನು’ ಎಂದು ಕೇಳಿದ್ದ ಅವಳ ಮುಖ ನೆನಪಾಯಿತು. ನನಗೆ ನಾಚಿಕೆಯಾಯಿತು. ಮಲಂಗಸಾಬನೂ ನನ್ನ ಮುಖ ನೋಡದೆ ತನ್ನ ಚಪ್ಪಲಿ ನೋಡಿದ.

“ತಂಗಿ,” ಎಂದಳು ಕೊನೆಗೆ, “ನೀ ನನಗ ಯಾಕ ಫೋನ್ ಹಚ್ಚಿದಿ?”

“ಅವರು ನಿಮ್ಮನ್ನ ‘ನಂಬಿಕೆಯ ವ್ಯಕ್ತಿ’ ಅಂತ ಬರೆಸ್ಯಾರ ಅಕ್ಕೋರ. ಅದಕ್ಕ.”

“ನಾನು? ನಂಬಿಕಿ ವ್ಯಕ್ತಿ?”

“ಹೌದ್ರಿ. ಒಬ್ಬರದೇ ಹೆಸರು ಬರೆಸಾಕ ಬರ್ತದ. ನಿಮ್ದೇ ಬರೆಸ್ಯಾರ.”

 ಆಮೇಲೆ ಸಣ್ಣಗೆ ಮೂಗೆಳೆದ ಸದ್ದು. ಅದು ಅಳುವೋ ನಗುವೋ ಈಗಲೂ ನನಗೆ ಗೊತ್ತಿಲ್ಲ, ಕೇಳುವ ಧೈರ್ಯವೂ ಇಲ್ಲ.

“ಊರು ಯಾವುದು ಅಂತ ಯಾರು ಹೇಳಬೇಕು? ಅವರೋ, ನಾನೋ?”

“ಖಾತೆ ಬಂದ್ ಇರೂತನಕ ಅವರ ಮಾತು ನಡೆಯೂದಿಲ್ರಿ. ನೀವು ಹೇಳಿದ್ದೇ ರೆಕಾರ್ಡಿಗಿ ಹೋಗ್ತದ.”

“ಹೌದಾ?” ಎಂದಳು. ಆ ‘ಹೌದಾ’ ಎಂಬುದರಲ್ಲಿ ಒಂದು ಬಗೆಯ ಹಬ್ಬದ ಕಳೆಯಿತ್ತು. “ಅತ್ತಿ, ಇಲ್ಲಿ ಬರ್ರಿ. ಒಡಪು ಹಾಕತೇನಿ, ಕೇಳ್ರಿ. ತಂಗಿ, ಬರೋಬರಿ ರೆಕಾರ್ಡ್ ಮಾಡ್ಕೋ.”

ಗಂಟಲು ಸರಿಮಾಡಿಕೊಂಡಳು. ಬಳೆ ಹಿಂದೆ ಸರಿಸಿಕೊಂಡ ಸದ್ದು ಇಲ್ಲಿಯವರೆಗೆ ಕೇಳಿಸಿತು.

“ಆಳಂದದಾಗ ದುಡದಾರ ದಿನಾ ಬೆವರ ಹರಿಸಿ,
ಜೇವರ್ಗಿ ಬಿಸಿಲಿಗಿ ಕುಂತಾರು ಮಾರಿ ಒಣಗಿಸಿ,
ಭೀಮಾ ಹೊಳಿ ಕರದೈತಿ ಹೆಣ್ಣುಮಗಳ ನೆನಸಿ,
ಅಫಜಲಪುರಕ್ಕ ಹೊಂಟಾರ ವಿಶ್ವಾರಾಧ್ಯರು ನನ್ನ ಮುಂದ ನಡಸಿ!”

“ಭೇಷ್!” ಎಂದಳು ಅವ್ವ. “ವಾಹ್ ವಾ!” ಎಂದ ಮಲಂಗಸಾಬ, ಆಮೇಲೆ ನನ್ನನ್ನು ನೋಡಿ ಬಾಯಿ ಮುಚ್ಚಿಕೊಂಡ. ಮಸರತ ನಗು ತಡೆದುಕೊಂಡು, “ಹೆಸರೂ ಬಂತು, ಊರೂ ಬಂತು ಅಕ್ಕೋರ. ಅಫಜಲಪುರ ಅಂತ ಹಾಕಿದೆ. ಶುಕ್ರಿಯಾ” ಎಂದಳು. ನನ್ನ ಮುಂದಿನ ಪರದೆಯಲ್ಲಿ ಆ ನಗುವ ಹೆಣ್ಣುಮಗಳ ಕೆಳಗೆ ಹೊಸ ಸಾಲು ಬಂತು: ‘ಅಭಿನಂದನೆ! ನಿಮ್ಮನ್ನು ಗುರುತಿಸಲಾಗಿದೆ.’

ನನಗೆ ಸಿಟ್ಟು ಬರಬೇಕಿತ್ತು. ಬರಲಿಲ್ಲ ಎಂದು ಹೇಳಿದರೆ ನೀವು ನಂಬಬೇಕು. ಮದುವೆಯ ದಿನ ಬಾಜಿಯ ಗದ್ದಲದಲ್ಲಿ ಕೇಳಿಸದೇ ಹೋದ ನನ್ನ ಹೆಸರು ಇಂದು ಅವಳ ಬಾಯಿಂದ ಸ್ಪಷ್ಟವಾಗಿ ಬಂದಿತ್ತು. ಅಷ್ಟು ಚೆಂದದ ಹೆಸರು ನನ್ನದು ಎಂದು ನನಗೇ ಗೊತ್ತಿರಲಿಲ್ಲ. ಇನ್ನೊಮ್ಮೆ ಕೇಳಬೇಕೆನಿಸಿತು. ಆದರೆ ರೆಕಾರ್ಡು ಹೆಡ್ ಆಫೀಸಿನ ಆಸ್ತಿಯಂತೆ, ಕೊಡುವುದಿಲ್ಲವಂತೆ.

ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟಿನಲ್ಲಿ ಕೂತು ದಾರಿಯುದ್ದಕ್ಕೂ ಒಂದು ವಾದ ಸಿದ್ಧಪಡಿಸಿದೆ. ಅವ್ವನ ವಯಸ್ಸು, ಅವ್ವನ ಆರೋಗ್ಯ, ಹುಟ್ಟಿದ ಊರು ಬಿಡಲಾರದ ಅವ್ವನ ಸಂಕಟ. ಈ ಅಸ್ತ್ರಕ್ಕೆ ಎದುರು ಅಸ್ತ್ರವಿಲ್ಲ ಎಂದು ನನಗೆ ಖಾತ್ರಿಯಿತ್ತು. ನರೋಣಾದಲ್ಲಿ ಇಳಿದು ಮನೆಯೊಳಗೆ ಕಾಲಿಟ್ಟರೆ ಪಡಸಾಲೆಯ ನಡುವೆ ಒಂದು ಟ್ರಂಕು ಬಾಯಿ ತೆರೆದು ಕೂತಿದೆ. ಅದರೊಳಗೆ ವಿಭೂತಿ ಗಟ್ಟಿ, ಇಳಕಲ್ಲ ಸೀರೆ, ಕೌದಿ. ಪಕ್ಕದಲ್ಲಿ ಅವ್ವ.

“ಅವ್ವಾ, ಏನ ಮಾಡಾಕತ್ತಿ?”

“ಕಾಣವಲ್ದೇನು? ಗಂಟು ಕಟ್ಟಾಕತ್ತೇನಿ. ಅಫಜಲಪುರದಾಗ ನನ್ನ ತಂಗೀನ ಕೊಟ್ಟದ್ದು ಮರ್ತಿಯೇನು? ಇಬ್ಬರೂ ಮುದುಕೇರಾಗೂದ್ರೊಳಗ ಒಂದಿಷ್ಟು ದಿನ ಕೂಡಿ ಇರಬೇಕು ಅಂತ ಎಷ್ಟು ಆಸೆ ಇತ್ತೋ. ನಾ ಹೇಳಬೇಕು ಅಂದಾಗೆಲ್ಲಾ ನಿನಗ ಬಸ್ಸಿಗಿ ಹೊತ್ತಾಗ್ತಿತ್ತು.”

ಅಸ್ತ್ರವನ್ನು ಬತ್ತಳಿಕೆಗೆ ವಾಪಸು ಇಟ್ಟು ಕೈಕಾಲು ತೊಳೆಯಲು ಹೋದೆ.

ಊಟಕ್ಕೆ ಕೂತಾಗ ಬಸವೇಶ್ವರಿ ತಾಟಿಟ್ಟಳು. ಬಿಸಿ ರೊಟ್ಟಿ, ಮತ್ತದೇ ಪುಂಡಿಪಲ್ಯ. ಮುಖದಲ್ಲಿ ಸಿಟ್ಟಿಲ್ಲ, ನಗುವಿಲ್ಲ, ಫೋನಿನ ಸುದ್ದಿಯ ನೆರಳೂ ಇಲ್ಲ.

“ಉಪ್ಪು ನೋಡ್ರಿ. ಬರೋಬರಿ ಇಲ್ಲಂದ್ರ ಹೆಡ್ ಆಫೀಸಿಗಿ ಹೇಳ್ರಿ.”

“ಬರೋಬರಿ ಅದ” ಎಂದೆ. ಬಾಯಿಗೆ ಇನ್ನೂ ಹಾಕಿಕೊಂಡಿರಲಿಲ್ಲ.

ಅವಳು ಎದುರಿಗೆ ಕೂತು ಸೆರಗಿನಿಂದ ಗಾಳಿ ಬೀಸಿಕೊಂಡಳು.

“ಏನ್ರಿ, ವರ್ಗಾದ್ದು ಏನರ ಗೊತ್ತಾತೇನು? ಮೇಲಿನವರು ಏನಂದ್ರು?”

ಅವ್ವ ಟ್ರಂಕಿನ ಮೇಲೆ ಬಾಗಿ ಬೆನ್ನು ಅಲುಗಿಸುತ್ತ ನಗುತ್ತಿದ್ದಳು. ನಾನು ತಾಟು ನೋಡುತ್ತ ಹೇಳಿದೆ.

“ಅಫಜಲಪುರ ಅಂದ್ರು.”

“ಆಗಲಿ ಬಿಡ್ರಿ, ಮನಸ್ಸಿಗಿ ಹಚ್ಕೋಬ್ಯಾಡ್ರಿ” ಎಂದಳು ಬಸವೇಶ್ವರಿ, ಇನ್ನೊಂದು ರೊಟ್ಟಿ ನನ್ನ ತಾಟಿಗೆ ಹಾಕುತ್ತ. “ನಮ್ಮ ಕೈಯಾಗ ಏನದ? ಎಲ್ಲಾ ಮೇಲಿನವರ ಕೈಯಾಗ ಅದ.”